ಬಾವುಟದ ಬಣ್ಣ, ರಸೀದಿ ಪುಸ್ತಕ

2020ರ ಜನವರಿ 1ರಿಂದ 2023ರ ಫೆಬ್ರುವರಿ 28ರವರೆಗೆ ಎಣಿಸಿದರೆ 38 ತಿಂಗಳು. ಕರ್ನಾಟಕದ ನಾಲ್ಕು ಸಾರಿಗೆ ನಿಗಮಗಳ ನೌಕರರು ಕೇಳುತ್ತ ಬಂದ ವೇತನ ಹಿಂಬಾಕಿಯ ಅವಧಿ ಇದು. ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದ ವೇತನ ಪರಿಷ್ಕರಣೆ 2020ರ ಜನವರಿಯಲ್ಲಿ ಆಗಲಿಲ್ಲ. ಆದದ್ದು 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಶೇ 15ರಂತೆ. ಹಿಂದಿನ ತಿಂಗಳುಗಳ ಲೆಕ್ಕ ಹಾಗೇ ಉಳಿಯಿತು. ಆ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಸಾರಿಗೆ ಮಂತ್ರಿ ಬದಲಾದರು, ವಿರೋಧ ಪಕ್ಷದ ಬೆಂಚಿನಲ್ಲಿದ್ದವರು ಎದುರಿನ ಬೆಂಚಿಗೆ ಬಂದರು. ಹಿಂಬಾಕಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. 2024ರ ಜನವರಿಗೆ ಮುಂದಿನ ಪರಿಷ್ಕರಣೆಯ ದಿನವೂ ಬಂತು, ಹೋಯಿತು. 2025ರ ಆಗಸ್ಟ್ 5ರಂದು ಸಾರಿಗೆ ಸಂಘಗಳ ಜಂಟಿ ಕ್ರಿಯಾ ಸಮಿತಿ ಮುಷ್ಕರಕ್ಕೆ ಇಳಿದಾಗ ಹೈಕೋರ್ಟಿನ ತಡೆ ಬಂದು ಬಸ್ಸುಗಳು ಮತ್ತೆ ರಸ್ತೆಗಿಳಿದವು.

ಕಾರ್ಮಿಕ ಸಂಘ ಯಾವುದಾದರೂ ಪಕ್ಷದ ಜತೆ ಇರಬೇಕೋ ಬೇಡವೋ ಎಂಬ ಹಳೆಯ ಚರ್ಚೆಯನ್ನು ಈ 38 ತಿಂಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ಅರ್ಧ ಗಾಳಿ ಹೋಗುತ್ತದೆ. ಎದುರಾಳಿ ಪಕ್ಷದ ಸರ್ಕಾರ ಇದ್ದಾಗ ಘೋಷಣೆ ಕೂಗುವುದು ಯಾವ ಸಂಘಕ್ಕೂ ಕಷ್ಟವಲ್ಲ. ನಮ್ಮವರೇ ಅಧಿಕಾರಕ್ಕೆ ಬಂದ ಮರುದಿನ ಅದೇ ಬೇಡಿಕೆ ಪಟ್ಟಿಯನ್ನು, ಅದೇ ಅಂಕಿಯೊಂದಿಗೆ, ಅದೇ ಗಡುವಿನೊಂದಿಗೆ ಅವರ ಮೇಜಿನ ಮೇಲೆ ಇಡಲು ಆಗುತ್ತದೆಯೇ? ಸ್ವಾತಂತ್ರ್ಯದ ಅಳತೆಗೋಲು ಅಷ್ಟೇ. ಆ ಕೆಲಸಕ್ಕೆ ಬೇಕಾದ ಧೈರ್ಯ ಸಿದ್ಧಾಂತದಿಂದ ಬರುತ್ತದೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಬಹುಮಟ್ಟಿಗೆ ಅದು ಬರುವುದು ಚಂದಾ ರಸೀದಿಯಿಂದ, ಸದಸ್ಯರ ರಿಜಿಸ್ಟರಿನಿಂದ, ಸಮಿತಿಯಲ್ಲಿ ಯಾರು ಕೂತಿದ್ದಾರೆ ಎಂಬುದರಿಂದ.

ಅಂದರೆ ಸಿದ್ಧಾಂತ ಬೇಡವೆಂದಲ್ಲ. ಈ ದೇಶದಲ್ಲಿ ಸಂಘಗಳು ಹುಟ್ಟಿದ್ದೇ ರಾಜಕೀಯದ ತೊಟ್ಟಿಲಲ್ಲಿ. 1918ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ನೌಕರರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದಾಗ ಮುಂದೆ ನಿಂತವರು ಬಿ.ಪಿ. ವಾಡಿಯಾ, ಹೋಂ ರೂಲ್ ಚಳವಳಿಯ ಮನುಷ್ಯ. 1920ರಲ್ಲಿ ಮಿಲ್ಲಿನ ಒಡೆಯರಾದ ಬಿನ್ನಿ ಕಂಪನಿ ಅವರ ಮೇಲೆ ಪರಿಹಾರದ ದಾವೆ ಹೂಡಿತು, ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಕೊನೆಗೆ ರಾಜಿಯಾದದ್ದು ವಾಡಿಯಾ ಸಂಘದಿಂದ ದೂರ ಸರಿದ ಮೇಲೆ. ಮುಷ್ಕರಕ್ಕೆ ಕರೆ ಕೊಟ್ಟವನನ್ನು ಒಪ್ಪಂದ ಮುರಿಸಿದ ಅಪರಾಧಿಯಂತೆ ಕಾಣುವ ಕಾನೂನಿನ ಕೈಯಿಂದ ಸಂಘಗಳನ್ನು ಬಿಡಿಸಲೆಂದೇ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಮಸೂದೆಗಾಗಿ ಹಟ ಹಿಡಿದರು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ಸಂಘಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ್ದು ರಾಜಕೀಯದವರ ದೆಸೆಯಿಂದ. ಮೂರೇ ವರ್ಷದಲ್ಲಿ, 1929ರ ನಾಗಪುರ ಅಧಿವೇಶನದಲ್ಲಿ, ಸಂಘಗಳ ರಾಷ್ಟ್ರೀಯ ಒಕ್ಕೂಟವಾದ ಎಐಟಿಯುಸಿ ಒಡೆದು ಅದೇ ಜೋಶಿ ಹೊರನಡೆದದ್ದೂ ರಾಜಕೀಯದ ದೆಸೆಯಿಂದಲೇ. ಅಲ್ಲಿಂದಾಚೆ ಒಡೆದ ಕಥೆಯೇ ಉದ್ದ: 1947ರಲ್ಲಿ ಕಾಂಗ್ರೆಸ್ಸಿನ ಐಎನ್‌ಟಿಯುಸಿ, 1948ರಲ್ಲಿ ಸಮಾಜವಾದಿಗಳ ಎಚ್‌ಎಂಎಸ್, 1955ರಲ್ಲಿ ಸಂಘ ಪರಿವಾರದ ಬಿಎಂಎಸ್, 1970ರಲ್ಲಿ ಸಿಪಿಎಂನ ಸಿಐಟಿಯು. ಒಂದೊಂದರ ಹುಟ್ಟಿನ ಹಿಂದೆ ಒಂದೊಂದು ರಾಜಕೀಯ ಧಾರೆ ಇದೆ.

ಪಕ್ಷದ ನಂಟಿಗೆ ಕಾರ್ಮಿಕ ಕೊಟ್ಟ ಬೆಲೆಯನ್ನು ಒಂದೇ ಉದಾಹರಣೆಯಲ್ಲಿ ಹೇಳಬೇಕೆಂದರೆ 1975ರ ಬೋನಸ್ ಸಾಕು. ಆಗ ಕನಿಷ್ಠ ಬೋನಸ್ ವರ್ಷದ ಸಂಬಳದ ಶೇ 8.33, ಅಂದರೆ ಹೆಚ್ಚುಕಡಿಮೆ ಹನ್ನೆರಡನೇ ಒಂದು ಪಾಲು. ತಿಂಗಳಿಗೆ 300 ರೂಪಾಯಿ ದುಡಿಯುವವನಿಗೆ ವರ್ಷಕ್ಕೆ ಇನ್ನೊಂದು 300, ಹದಿಮೂರನೇ ತಿಂಗಳ ಸಂಬಳ. ತುರ್ತುಪರಿಸ್ಥಿತಿ ಬಂದ ಮೂರು ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಟು ಅದು ಶೇ 4ಕ್ಕೆ ಇಳಿಯಿತು. 300 ಹೋಗಿ 144. ಐಎನ್‌ಟಿಯುಸಿ ಆಳುವ ಪಕ್ಷದ ಮನೆಯದು. ಎಐಟಿಯುಸಿಯನ್ನು ಮುನ್ನಡೆಸುತ್ತಿದ್ದ ಸಿಪಿಐ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿತ್ತು. ದೇಶದ ಎರಡು ದೊಡ್ಡ ಸಂಘಟನೆಗಳು ಬೀದಿಗಿಳಿಯಲಾರದ ಸ್ಥಿತಿಯಲ್ಲಿದ್ದ ಹೊತ್ತಿಗೇ ಕಾರ್ಮಿಕನ ಹದಿಮೂರನೇ ತಿಂಗಳು ಅರ್ಧಕ್ಕಿಂತ ಕೆಳಗೆ ಬಿತ್ತು. ಅದು ಮರಳಿ 8.33ಕ್ಕೆ ಏರಿದ್ದು 1977ರಲ್ಲಿ, ಸರ್ಕಾರ ಬಿದ್ದ ಮೇಲೆ. ಬೋನಸ್ ಇಳಿಯುವುದಕ್ಕೂ ಒಂದು ವರ್ಷ ಮುಂಚೆ, 1974ರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಇದೇ ಎಐಟಿಯುಸಿ ಜಾರ್ಜ್ ಫರ್ನಾಂಡಿಸ್ ಜತೆ ಭಾಗಿಯಾಗಿತ್ತು ಎಂಬುದನ್ನೂ ಮರೆಯಬಾರದು. ಅದೇ ಸಂಘಟನೆ, ಅದೇ ಸಿದ್ಧಾಂತ, ಒಂದೇ ವರ್ಷದಲ್ಲಿ ಎರಡು ನಡೆ.

ಇಂಥ ಇಕ್ಕಟ್ಟು ಯಾವುದೋ ಒಂದು ಬಣ್ಣದ ಸೊತ್ತಲ್ಲ. 2013ರ ಫೆಬ್ರುವರಿಯ ಎರಡು ದಿನದ ಮುಷ್ಕರದಲ್ಲಿ ಐಎನ್‌ಟಿಯುಸಿ ಕಾಂಗ್ರೆಸ್ ಸರ್ಕಾರದ ವಿರುದ್ಧವೇ ಇತ್ತು, ಬಿಎಂಎಸ್ ಕೂಡ ಇತ್ತು. 2015ರ ಸೆಪ್ಟೆಂಬರ್ 2ರ ಮುಷ್ಕರಕ್ಕೆ ಎಲ್ಲರ ಜತೆ ಕರೆ ಕೊಟ್ಟ ಬಿಎಂಎಸ್ ಕೊನೇ ಗಳಿಗೆಯಲ್ಲಿ ಹಿಂದೆ ಸರಿಯಿತು. 2025ರ ಜುಲೈ 9ರಂದು ಹತ್ತು ಕೇಂದ್ರ ಸಂಘಟನೆಗಳ ಮುಷ್ಕರದಲ್ಲೂ ಅದು ಇರಲಿಲ್ಲ. ಆದರೆ ಅದೇ ಬಿಎಂಎಸ್‌ನ ಸ್ಥಾಪಕ ದತ್ತೋಪಂತ ತೇಂಗಡಿ ವಾಜಪೇಯಿ ಸರ್ಕಾರದ ಆರ್ಥಿಕ ನೀತಿಯನ್ನು ಬಹಿರಂಗವಾಗಿ ಟೀಕಿಸಿದ್ದರು. 2008ರಲ್ಲಿ ಪಶ್ಚಿಮ ಬಂಗಾಳದ ಎಡ ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯ ಉದ್ಯಮಿಗಳ ಮುಂದೆ ಬಂದ್‌ಗಳ ವಿರುದ್ಧ ಮಾತಾಡಿ, ದುರದೃಷ್ಟಕ್ಕೆ ಬಂದ್ ಕರೆಯುವ ಪಕ್ಷದಲ್ಲಿದ್ದೇನೆ ಎಂಬರ್ಥದಲ್ಲಿ ಹೇಳಿದಾಗ ಮುಜುಗರಕ್ಕೊಳಗಾದದ್ದು ಸ್ವಂತ ಪಕ್ಷ, ಅದರ ಜತೆಗೇ ಸಿಐಟಿಯು.

ಎದುರು ಉದಾಹರಣೆ ಪಕ್ಕದ ತಮಿಳುನಾಡಿನಲ್ಲಿದೆ. ಶ್ರೀಪೆರಂಬದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ 2024ರ ಸೆಪ್ಟೆಂಬರ್ 9ರಿಂದ 37 ದಿನ ಮುಷ್ಕರ ನಡೆಯಿತು. ಮುಖ್ಯ ಬೇಡಿಕೆ ಸಂಬಳವೂ ಅಲ್ಲ, ಸಂಘದ ನೋಂದಣಿ. ಹಿಂದೆ ನಿಂತದ್ದು ಸಿಐಟಿಯು. ಅದರ ಪಕ್ಷ ಸಿಪಿಎಂ ಆಗ ಆಳುತ್ತಿದ್ದ ಡಿಎಂಕೆಯ ಮಿತ್ರ. ಮೈತ್ರಿಯ ಮುಖ ನೋಡಿ ಮುಷ್ಕರ ಕೈಬಿಡಲಿಲ್ಲ. ಮದ್ರಾಸ್ ಹೈಕೋರ್ಟ್ ಆರು ವಾರದಲ್ಲಿ ತೀರ್ಮಾನಿಸಿ ಎಂದಿತು. 2025ರ ಜನವರಿ ಕೊನೆಗೆ ನೋಂದಣಿ ಸಿಕ್ಕಿತು. ಬಾವುಟ ಇದ್ದೂ ಮಾತಾಡಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಬಾವುಟ ಇಲ್ಲದಿದ್ದರೆ ಸಾಕೇ? ಬಿಡದಿಯ ಟೊಯೊಟಾ ಕಾರ್ಖಾನೆಯ ನೌಕರರ ಸಂಘ ಯಾವ ಪಕ್ಷದ ಅಂಗವೂ ಆಗಿರಲಿಲ್ಲ. 2020ರ ನವೆಂಬರಿನಲ್ಲಿ ಪದಾಧಿಕಾರಿಯೊಬ್ಬರ ಅಮಾನತಿನಿಂದ ಶುರುವಾದ ಜಗಳ ಲಾಕೌಟ್ ತನಕ ಹೋಯಿತು. ಸರ್ಕಾರ ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿ ಆದೇಶಿಸಿತು, ಆದರೂ ಕೆಲಸಗಾರರು ಪೂರ್ತಿ ಒಳಗೆ ಹೋಗಿದ್ದು 2021ರ ಮಾರ್ಚ್‌ನಲ್ಲಿ, ಹತ್ತಾರು ಜನರ ಅಮಾನತನ್ನು ಬೆನ್ನಿಗೆ ಕಟ್ಟಿಕೊಂಡು. ಸ್ವತಂತ್ರವಾಗಿರುವುದು ಬೇರೆ, ಒಂಟಿಯಾಗಿರುವುದು ಬೇರೆ. ಸಂಬಳವಿಲ್ಲದ ನಾಲ್ಕು ತಿಂಗಳು ಮನೆ ನಡೆಸಲು ಅಕ್ಕಪಕ್ಕದ ಕಾರ್ಖಾನೆಗಳ ಚಂದಾ ಬೇಕು, ವಕೀಲರು ಬೇಕು, ವಿಧಾನಸಭೆಯಲ್ಲಿ ಎದ್ದು ಕೇಳುವವರು ಬೇಕು. ಕೇಂದ್ರ ಸಂಘಟನೆಗಳು ಕೊಡುವುದು ಅದನ್ನೇ.

ಈಗ ಹಣದ ಮಾತು. 2001ರಲ್ಲಿ ತಿದ್ದುಪಡಿಯಾದ 1926ರ ಕಾಯ್ದೆ ಕನಿಷ್ಠ ಚಂದಾ ಎಷ್ಟೆಂದು ಹೇಳಿತ್ತು: ಗ್ರಾಮೀಣ ಕೆಲಸಗಾರರಿಗೆ ವರ್ಷಕ್ಕೆ 1 ರೂಪಾಯಿ, ಅಸಂಘಟಿತ ವಲಯದಲ್ಲಿ 3, ಉಳಿದವರಿಗೆ 12. ಕನಿಷ್ಠವೇ ಗರಿಷ್ಠವಾಗಿ ಕೂತ ಸಂಘಗಳು ಎಷ್ಟೋ. 500 ಸದಸ್ಯರ ಸಂಘಕ್ಕೆ ವರ್ಷಕ್ಕೆ 6,000 ರೂಪಾಯಿ. ಲೆಕ್ಕ ಪರಿಶೋಧಕರ ಶುಲ್ಕ, ಕರಪತ್ರದ ಮುದ್ರಣ, ಬೆಂಗಳೂರಿಗೆ ಎರಡು ಸಲ ಹೋಗಿ ಬರುವ ಬಸ್ ಚಾರ್ಜು ಕಳೆದರೆ ಪೆಟ್ಟಿಗೆ ಖಾಲಿ. ಕೇಸು ಬಂದಾಗ ವಕೀಲರನ್ನು ಕೊಡುವವರು ಯಾರು? ಕಚೇರಿಯ ಬಾಡಿಗೆ ಕಟ್ಟುವವರು ಯಾರು? ಅಲ್ಲಿಗೆ ಪಕ್ಷದ ಕಚೇರಿಯ ಒಂದು ಕೋಣೆ, ಪಕ್ಷದ ವಕೀಲರು, ಪಕ್ಷದ ಜೀಪು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಸಂಘಕ್ಕೂ ಅನ್ವಯಿಸತೊಡಗುತ್ತದೆ. ಅದೇ 500 ಜನ ತಿಂಗಳಿಗೆ 50 ಕೊಟ್ಟರೆ ವರ್ಷಕ್ಕೆ 3 ಲಕ್ಷ. ಸ್ವಂತ ಕೋಣೆ, ಸ್ವಂತ ವಕೀಲ, ಮುಷ್ಕರದ ಮೊದಲ ತಿಂಗಳ ಅಕ್ಕಿ. 50 ರೂಪಾಯಿ ಜಾಸ್ತಿ ಎನ್ನುವ ಸದಸ್ಯನಿಗೆ ಸಿದ್ಧಾಂತ ವಿವರಿಸುವುದಕ್ಕಿಂತ ಈ ಗುಣಾಕಾರ ತೋರಿಸುವುದು ಮೇಲು.

ಹಣ ಬರುವ ದಾರಿಯೂ ಮುಖ್ಯ. ಸಂಬಳದಲ್ಲೇ ಹಿಡಿದು ಸಂಘಕ್ಕೆ ಕಟ್ಟುವ ಚೆಕ್ ಆಫ್ ಪದ್ಧತಿ ಸಲೀಸು. ಸದಸ್ಯ ಬರಹದಲ್ಲಿ ಒಪ್ಪಿಗೆ ಕೊಟ್ಟರೆ ವೇತನದ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಇದರಲ್ಲಿ ಕೆಡುವುದು ಎರಡು ಕಡೆ. ಯಾರು ಯಾವ ಸಂಘದವರೆಂಬ ಪೂರ್ತಿ ಪಟ್ಟಿ ಆಡಳಿತ ವರ್ಗದ ಕಂಪ್ಯೂಟರಿನಲ್ಲಿ ಕೂರುತ್ತದೆ. ಜಗಳ ಬಿಗಿಯಾದ ತಿಂಗಳಲ್ಲಿ ಹಣ ರವಾನೆ ‘ತಾಂತ್ರಿಕ ಕಾರಣ’ದಿಂದ ತಡವಾಗುತ್ತದೆ, ಸಂಘಕ್ಕೆ ದುಡ್ಡು ಬೇಕಾದ ತಿಂಗಳೂ ಅದೇ. ಕೈ ರಸೀದಿ ಶ್ರಮದ ಕೆಲಸ, ನಿಜ. ಆದರೆ ಪ್ರತಿ ತಿಂಗಳು ಪ್ರತಿ ವಿಭಾಗಕ್ಕೆ ಪದಾಧಿಕಾರಿ ಹೋಗಲೇಬೇಕು, ಬೈಗುಳ ಕೇಳಲೇಬೇಕು. ಚೆಕ್ ಆಫ್ ಬಂದ ಮೇಲೆ ವಿಭಾಗಗಳ ಮುಖ ನೋಡದ ಸಮಿತಿಗಳು ಹುಟ್ಟಿಕೊಂಡವು. ಅರ್ಧ ಚೆಕ್ ಆಫ್, ಅರ್ಧ ಕೈ ರಸೀದಿ ಇಟ್ಟುಕೊಂಡ ಸಂಘ ಗಟ್ಟಿ ಎಂಬುದು ನನ್ನ ಎಣಿಕೆ. ಮೂರನೆಯದು ಒಪ್ಪಂದದ ಲೆವಿ: ವೇತನ ಒಪ್ಪಂದವಾದಾಗ ಹಿಂಬಾಕಿಯಲ್ಲಿ ಇಂತಿಷ್ಟು ಎಂದು ಒಟ್ಟಿಗೇ ಹಿಡಿಯುವುದು. ನಾಲ್ಕು ವರ್ಷಕ್ಕೊಮ್ಮೆ ಹಬ್ಬದೂಟ. ಲೆವಿಯನ್ನೇ ನಂಬಿದ ಸಂಘಕ್ಕೆ ಒಪ್ಪಂದಕ್ಕೆ ಬೇಗ ಸಹಿ ಹಾಕುವ ಆತುರ ತಾನಾಗೇ ಬರುತ್ತದೆ.

ರಾಜಕೀಯಕ್ಕೆ ಖರ್ಚು ಮಾಡುವುದನ್ನು ಕಾನೂನು ನಿಷೇಧಿಸಿಲ್ಲ. ಪ್ರತ್ಯೇಕಿಸಿದೆ. 1926ರ ಕಾಯ್ದೆಯ 16ನೇ ಕಲಂ ಪ್ರಕಾರ ಸಂಘ ರಾಜಕೀಯ ನಿಧಿ ಇಡಬಹುದಿತ್ತು. ಆದರೆ ಅದಕ್ಕೆ ಬೇರೆಯೇ ವಂತಿಗೆ, ಬೇರೆಯೇ ಲೆಕ್ಕ. ಕೊಡು ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಕೊಡದವನನ್ನು ಸಂಘದ ಸವಲತ್ತಿನಿಂದ ಹೊರಗಿಡುವಂತಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಏರ್ಪಾಡು ಉಳಿದಿದೆ. ಎಷ್ಟು ಚೆಂದದ ಕಲಂ, ಎಷ್ಟು ಕಡಿಮೆ ಬಳಕೆ! ಚುನಾವಣೆ ಬಂದಾಗ ಪಕ್ಷದ ಸಭೆಗೆ ಬಸ್ ಮಾಡುವ ಹಣ ಸಾಮಾನ್ಯ ನಿಧಿಯಿಂದ ‘ಸಮ್ಮೇಳನ ವೆಚ್ಚ’ ಎಂಬ ಹೆಸರಲ್ಲಿ ಹೋಗುವುದು ಇದಕ್ಕೆ ತದ್ವಿರುದ್ಧ ದಾರಿ. ಬೇರೆ ಪಕ್ಷಕ್ಕೆ ವೋಟು ಹಾಕುವ ಸದಸ್ಯನಿಗೆ ಇದು ಗೊತ್ತಾದ ದಿನ ಅವನು ಎರಡನೇ ಸಂಘದ ಫಾರಂ ಕೇಳುತ್ತಾನೆ. ಬಹುತೇಕ ಕಾರ್ಖಾನೆಗಳಲ್ಲಿ ಎರಡನೇ, ಮೂರನೇ ಸಂಘ ಹುಟ್ಟುವುದು ಸಿದ್ಧಾಂತದ ವಾದದಿಂದಲ್ಲ, ಖಜಾಂಚಿಯ ಪುಸ್ತಕದಿಂದ.

ಹೊರಗಿನ ನಾಯಕರ ವಿಷಯ ಸೂಕ್ಷ್ಮ. ಕನ್ನಡನಾಡಿನ ಸಂಘಗಳಲ್ಲಿ ಅವರಿಗೆ ಸಾಮಾನ್ಯವಾಗಿ ಇರುವ ಪದವಿ ಗೌರವಾಧ್ಯಕ್ಷ. ಗೌರವ ಎಷ್ಟಿದೆಯೋ, ಅಧಿಕಾರ ಅದಕ್ಕಿಂತ ಹೆಚ್ಚು. 2001ರ ತಿದ್ದುಪಡಿ ಪದಾಧಿಕಾರಿಗಳಲ್ಲಿ ಹೊರಗಿನವರನ್ನು ಮೂರನೇ ಒಂದು ಅಥವಾ ಐವರು, ಯಾವುದು ಕಡಿಮೆಯೋ ಅಷ್ಟಕ್ಕೆ ಕಟ್ಟಿಹಾಕಿತು. 12 ಜನರಲ್ಲಿ 4. 21 ಜನರಲ್ಲಿ 7 ಅಲ್ಲ, 5. ಅಸಂಘಟಿತ ವಲಯದಲ್ಲಿ ಅರ್ಧದಷ್ಟು. ಮಂತ್ರಿಯಾದವರು ಪದಾಧಿಕಾರಿ ಆಗಿರುವಂತಿಲ್ಲ. ಇಷ್ಟಾದರೂ ಹೊರಗಿನವರು ಬೇಕಾಗುವುದೇಕೆಂದರೆ ಅವರನ್ನು ಕೆಲಸದಿಂದ ತೆಗೆಯಲು ಆಗುವುದಿಲ್ಲ. ಒಳಗಿನವರ ಭಯ ಕಡಿಮೆ ಮಾಡುವ ಒಂದು ಸಾಧನ ಕಾನೂನಲ್ಲೇ ಇದೆ: ರಕ್ಷಿತ ಕಾರ್ಮಿಕರು. ಒಟ್ಟು ಕಾರ್ಮಿಕರ ಶೇ 1ರಷ್ಟು ಪದಾಧಿಕಾರಿಗಳಿಗೆ, ಕನಿಷ್ಠ 5, ಗರಿಷ್ಠ 100 ಮಂದಿಗೆ ಈ ಮಾನ್ಯತೆ ಸಿಗುತ್ತದೆ. ವಿವಾದ ನಡೆಯುತ್ತಿರುವಾಗ ಪ್ರಾಧಿಕಾರದ ಅನುಮತಿ ಇಲ್ಲದೆ ಅವರನ್ನು ವಜಾ ಮಾಡುವಂತಿಲ್ಲ. ಇದಕ್ಕೆ ಸಂಘ ಪ್ರತಿ ವರ್ಷ ಹೆಸರುಗಳ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ಪತ್ರ ಕೊಡಲು ಮರೆತ ವರ್ಷವೇ ಅಮಾನತು ಬರುತ್ತದೆ. ಆಮೇಲೆ ಗೌರವಾಧ್ಯಕ್ಷರ ಮನೆಗೆ ಓಡಬೇಕು.

ಸಾರಿಗೆ ನೌಕರರ ಕಥೆಗೆ ಮರಳಿದರೆ, 2021ರ ಏಪ್ರಿಲ್ 7ರಿಂದ ಎರಡು ವಾರ ನಡೆದ ಮುಷ್ಕರದ ಗೌರವಾಧ್ಯಕ್ಷರು ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್. ಹಳೆಯ ಸಂಘಗಳ ಮೇಲೆ ಬೇಸತ್ತವರು ಹೊಸ ಕೂಟ ಕಟ್ಟಿ, ಎಡವೂ ಅಲ್ಲದ ಬಲವೂ ಅಲ್ಲದ ಹಸಿರು ಶಾಲನ್ನು ಆರಿಸಿಕೊಂಡರು. ಆಗ ಎದ್ದ ಬೇಡಿಕೆಯ ಬಗ್ಗೆ ನನಗೆ ತಕರಾರಿದೆ. ಆರನೇ ವೇತನ ಆಯೋಗದಂತೆ ಸರ್ಕಾರಿ ನೌಕರರಿಗೆ ಸಮನಾದ ಸಂಬಳ ಕೊಡಿ ಎಂಬುದು ನ್ಯಾಯವಾಗೇ ಕೇಳಿಸುತ್ತದೆ. ಚಾಲಕನ ಕಿಸೆಗೆ ಅದು ಹೆಚ್ಚೇ ತರಬಹುದು. ಆದರೆ ನಾಲ್ಕು ವರ್ಷಕ್ಕೊಮ್ಮೆ ಎದುರು ಬದುರು ಕೂತು ಮಾಡಿಕೊಳ್ಳುವ ಒಪ್ಪಂದದಲ್ಲಿ ಸಂಘ ಒಂದು ಪಕ್ಷಗಾರ. ವೇತನ ಆಯೋಗದ ಮುಂದೆ ಅದು ಅರ್ಜಿದಾರ. ಆಯೋಗವನ್ನು ಯಾವಾಗ ನೇಮಿಸಬೇಕು, ವರದಿಯಲ್ಲಿ ಎಷ್ಟನ್ನು ಒಪ್ಪಬೇಕು ಎಂಬುದೆಲ್ಲ ಸಂಪುಟದ ಕೈಲಿ, ಸಂಪುಟ ಚುನಾವಣೆಯ ಕೈಲಿ. ಜಂಟಿ ಸಮಿತಿಯವರು ನಾಲ್ಕು ವರ್ಷದ ಒಪ್ಪಂದವನ್ನೇ ಹಿಡಿದು ಕೂತದ್ದನ್ನು ಹಳೇ ಕಾಲದವರ ಹಟ ಎಂದು ಹಲವರು ನಕ್ಕರು. ನನಗೆ ಅದರಲ್ಲಿ ಪ್ರಾಣ ಕಾಣುತ್ತದೆ. ಒಪ್ಪಂದ ಇದ್ದದ್ದಕ್ಕೇ 38 ಎಂಬ ಸಂಖ್ಯೆ ಹುಟ್ಟಿತು, ಬಾಕಿ ಎಂಬ ಮಾತು ನಿಂತಿತು.

ಸಂಘವೇ ಇಲ್ಲದೆಯೂ ಗೆಲ್ಲಬಹುದು ಎನ್ನುವವರು 2016ರ ಏಪ್ರಿಲ್ 18, 19ನ್ನು ನೆನಪಿಸುತ್ತಾರೆ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮುಂದೆ ಯಾವ ಬಾವುಟವೂ ಇರಲಿಲ್ಲ. ಎರಡನೇ ದಿನ ನಿಯಮ ವಾಪಸಾಯಿತು. ದೇಶದ ದೊಡ್ಡ ಸಂಘಟನೆಗಳು ಮಾಡಲಾಗದ್ದನ್ನು ಹೊಲಿಗೆ ಯಂತ್ರದ ಮುಂದಿನಿಂದ ಎದ್ದವರು ಮಾಡಿದರು. ಆದರೆ ತಡೆದದ್ದು ಒಂದು ಅಧಿಸೂಚನೆಯನ್ನು; ಕನಿಷ್ಠ ವೇತನ, ಪ್ರೊಡಕ್ಷನ್ ಟಾರ್ಗೆಟ್, ಸೂಪರ್‌ವೈಸರನ ಬಾಯಿ ಮರುದಿನವೂ ಅಲ್ಲೇ ಇದ್ದವು. ಸಿಟ್ಟಿಗೆ ರಿಜಿಸ್ಟರ್ ಬೇಕಿಲ್ಲ, ಒಪ್ಪಂದಕ್ಕೆ ಬೇಕು.

ಕೆಲಸದ ಗಂಟೆಗಳ ವಿಷಯ ತೆಗೆದುಕೊಂಡರೆ ಸರ್ಕಾರಗಳ ನಡುವೆ ಗೆರೆ ಎಳೆಯುವುದು ಇನ್ನೂ ಕಷ್ಟ. ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿದ ಕಾರ್ಖಾನೆ ಕಾಯ್ದೆಯ ಕರ್ನಾಟಕ ತಿದ್ದುಪಡಿ 2023ರ ಫೆಬ್ರುವರಿಯಲ್ಲಿ ಒಂದು ಪಕ್ಷದ ಸರ್ಕಾರದ ಕೈಯಲ್ಲಿ ಪಾಸಾಯಿತು. ನಂತರ ಬಂದ ಪಕ್ಷದ ಸರ್ಕಾರ 2025ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ 10 ಗಂಟೆಯ ಪ್ರಸ್ತಾವ ತಂದಿತು. ತಮಿಳುನಾಡಿನಲ್ಲಿ ಡಿಎಂಕೆ ಸರ್ಕಾರ 2023ರ ಏಪ್ರಿಲ್‌ನಲ್ಲಿ ಇಂಥದ್ದೇ 12 ಗಂಟೆ ಮಸೂದೆ ಪಾಸು ಮಾಡಿ, ಮಿತ್ರಪಕ್ಷಗಳೂ ಸಂಘಗಳೂ ತಿರುಗಿಬಿದ್ದಾಗ ಮೇ ದಿನದಂದು ವಾಪಸ್ ಪಡೆಯುತ್ತೇವೆ ಎಂದಿತು. ಹತ್ತೇ ದಿನ.

2025ರ ನವೆಂಬರ್ 21ರಿಂದ ಆಟದ ಅಂಗಳವೇ ಬೇರೆ. ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಾಗಿ ಕಾರ್ಖಾನೆಯಲ್ಲಿ ಮಾತುಕತೆ ಯಾರ ಜತೆ ಎಂಬುದಕ್ಕೆ ಅಂಕಿ ಬಂದಿದೆ. ಮೊದಲು 1958ರ ಶಿಸ್ತು ಸಂಹಿತೆಯಲ್ಲಿ ಶೇ 15ರ ಸದಸ್ಯತ್ವ ಇದ್ದರೆ ಮಾನ್ಯತೆ ಕೇಳಬಹುದಿತ್ತು, ಅದೂ ಕಾನೂನಿನ ಬಲವಿಲ್ಲದ ನಯದ ಮಾತು. ಈಗ ಹಲವು ಸಂಘಗಳಿದ್ದರೆ ಶೇ 51 ಬೆಂಬಲ ಇರುವುದೊಂದೇ ಮಾತುಕತೆಯ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ಕ್ಕಿಂತ ಕಡಿಮೆ ಇಲ್ಲದ ಸಂಘಗಳು ಸೇರಿ ಮಾತುಕತೆಯ ಮಂಡಳಿ. ಸಾವಿರ ಜನರ ಕಾರ್ಖಾನೆಯಲ್ಲಿ ಒಂದು ಸಂಘಕ್ಕೆ 460, ಇನ್ನೊಂದಕ್ಕೆ 310, ಮೂರನೆಯದಕ್ಕೆ 180 ಸದಸ್ಯರಿದ್ದಾರೆಂದು ಇಟ್ಟುಕೊಳ್ಳಿ. ಮೊದಲನೆಯದಕ್ಕೆ 50 ಸಹಿ ಕೊರತೆ. ಮೂರನೆಯದರ 180 ಜನಕ್ಕೆ ಮೇಜೇ ಇಲ್ಲ. ಆ 50ಕ್ಕಾಗಿ ಮೂರನೇ ಸಂಘವನ್ನು ಒಡೆಯುವ ಕೆಲಸ ಎದುರಾಳಿ ಸಂಘವೂ ಮಾಡೀತು, ಆಡಳಿತ ವರ್ಗವೂ ಮಾಡೀತು, ಸ್ಥಳೀಯ ಶಾಸಕರೂ ಮಾಡಿಯಾರು. ಎಣಿಕೆ ಹಾಜರಿ ಪುಸ್ತಕದಲ್ಲಿ ಇರುವವರದು. ಗುತ್ತಿಗೆಯವರ ಹೆಸರು ಅಲ್ಲಿರುವುದಿಲ್ಲ. ಸಾವಿರ ಕಾಯಂ, ಎರಡು ಸಾವಿರ ಗುತ್ತಿಗೆ ಇರುವಲ್ಲಿ 510 ಜನ ಮೂರು ಸಾವಿರ ಜನರ ಕೆಲಸದ ಸ್ಥಿತಿಯನ್ನು ತೀರ್ಮಾನಿಸುವ ಸಂಘವಾಗಬಹುದು. ಸಿದ್ಧಾಂತ ಬೇಕಾಗುವುದು ಇಲ್ಲಿ: ಗುತ್ತಿಗೆಯವರು ನಮ್ಮವರೋ ಅಲ್ಲವೋ ಎಂಬ ಪ್ರಶ್ನೆಗೆ ರಿಜಿಸ್ಟರ್ ಉತ್ತರ ಕೊಡುವುದಿಲ್ಲ.

ಮುಷ್ಕರಕ್ಕೆ ಈಗ ಎಲ್ಲ ಉದ್ದಿಮೆಯಲ್ಲೂ 14 ದಿನದ ನೋಟಿಸ್ ಬೇಕು. ಶೇ 50ರಷ್ಟು ಜನ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಸಂಧಾನ ಶುರುವಾದರೆ ಅದು ಮುಗಿದು 7 ದಿನದವರೆಗೆ ಮುಷ್ಕರ ಮಾಡುವಂತಿಲ್ಲ. ಹೀಗಾಗಿ ನೋಟಿಸ್ ಕೊಟ್ಟ ದಿನದಿಂದ ಸಂಧಾನಾಧಿಕಾರಿಯ ಕೋಣೆಯೇ ರಣರಂಗ. ಅಲ್ಲಿ ಬೇಕಾದದ್ದು ಘೋಷಣೆಯಲ್ಲ: ಸಾಮಾನ್ಯ ಸಭೆಯ ನಡಾವಳಿ, ಸಹಿಗಳು, ಹಿಂದಿನ ಒಪ್ಪಂದದ ಪ್ರತಿ, ಮೂರು ವರ್ಷಗಳ ಪರಿಶೋಧಿತ ಲೆಕ್ಕ, ಇಂದಿನ ತಾರೀಖಿನವರೆಗೆ ತಿದ್ದಿದ ಸದಸ್ಯರ ಪಟ್ಟಿ. ನಿವೃತ್ತರಾದವರ, ತೀರಿಕೊಂಡವರ ಹೆಸರು ಹೊಡೆದುಹಾಕದೆ ಬಿಟ್ಟ ಪಟ್ಟಿಯನ್ನು ಎದುರು ವಕೀಲರು ಹತ್ತು ನಿಮಿಷದಲ್ಲಿ ಹರಿದು ಹಾಕುತ್ತಾರೆ.

ಮಾತುಕತೆಯ ಸಂಘದ ಮಾನ್ಯತೆ ಮೂರು ವರ್ಷಕ್ಕೆ. ಎರಡೂ ಕಡೆಯವರು ಒಪ್ಪಿದರೆ ಒಟ್ಟು ಐದರವರೆಗೆ. 2026ರಲ್ಲಿ ಮಾನ್ಯತೆ ಪಡೆದವರು 2029ರವರೆಗೆ ಕೂರುತ್ತಾರೆ. ನಡುವೆ 2028ರಲ್ಲಿ ವಿಧಾನಸಭಾ ಚುನಾವಣೆ. ಬೇಡಿಕೆ ಪಟ್ಟಿಯನ್ನು ಈಗಲೇ ಟೈಪ್ ಮಾಡಿಸುವವರು ‘ಮಾನ್ಯ ಸಚಿವರಾದ ಶ್ರೀ’ ಎಂದಿರುವ ಕಡೆ ಹೆಸರಿಗೆ ಜಾಗ ಖಾಲಿ ಬಿಟ್ಟು, ಉಳಿದದ್ದನ್ನು ತುಂಬಿಸಿಡಬಹುದು.